ಆ ದೃಶ್ಯ ತೆಗೆಯಿರಿ ಅಂದರೆ ತೆಗೆಯಬೇಕಾ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಈ ತಿಂಗಳು ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ನಾಟಕ, ಹಾಡು, ಸಿನಿಮಾ, ಪುಸ್ತಕ ಇವನ್ನೆಲ್ಲ ಯಾರು ತಡೆಯಬಹುದು, ಯಾಕೆ ತಡೆಯುತ್ತಾರೆ ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮದು ಗೋಣಿಕೊಪ್ಪ ಹತ್ತಿರದ ಒಂದು ಯುವಕ ಸಂಘ. ಕಾಫಿ ಕೊಯ್ಲು ಮುಗಿದ ಮೇಲೆ ಆಡೋಣ ಅಂತ ಒಂದು ನಾಟಕ ಬರೆದಿದ್ದೇವೆ. ಲೈನ್ ಮನೆಯಲ್ಲಿರುವ (ತೋಟದ ಕೆಲಸದವರ ಸಾಲುಮನೆ) ಒಂದು ಕುಟುಂಬದ ಕಥೆ. ಅದರಲ್ಲಿ ಮೇಸ್ತ್ರಿ ಮುಂಗಡ ಸಾಲದ ಲೆಕ್ಕ ಓದುವ ದೃಶ್ಯ ಬರುತ್ತದೆ. ಹಾಲ್ ಕಮಿಟಿಯವರು 'ಅದೊಂದು ತೆಗೀರಿ, ಹಾಲ್ ಕೊಡ್ತೇವೆ' ಅಂತಿದ್ದಾರೆ. ನಾಟಕವನ್ನು ಮೊದಲೇ ಪೊಲೀಸರಿಗೆ ತೋರಿಸಬೇಕು ಅಂತಲೂ ಕೆಲವರು ಹೆದರಿಸುತ್ತಿದ್ದಾರೆ. ಏನು ಮಾಡೋಣ?

ತೆಗೆಯಬೇಡಿ. ಆ ದೃಶ್ಯ ಹೋದರೆ ನಿಮ್ಮ ನಾಟಕದಲ್ಲಿ ಉಳಿಯುವುದೇನು?

ಮೊದಲು ಯಾರ ಕೈಯಲ್ಲಿ ಎಷ್ಟು ಅಧಿಕಾರ ಇದೆ ಅಂತ ತಿಳಿದುಕೊಳ್ಳಿ. ಹಾಲ್ ಖಾಸಗಿಯವರದ್ದಾದರೆ ಕೊಡುವುದು ಬಿಡುವುದು ಅವರಿಷ್ಟ, ಅದರ ಬಗ್ಗೆ ಜಗಳ ಆಡಿ ಪ್ರಯೋಜನ ಇಲ್ಲ. ಪೊಲೀಸರಿಗೆ ನೀವು ತಿಳಿಸಬೇಕಾದದ್ದು ಮೈಕು, ಜನ ಸೇರುವುದು, ಗಾಡಿ ನಿಲ್ಲಿಸುವ ಜಾಗ ಇಂಥ ವಿಷಯ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ, ಅದನ್ನು ಪಾಲಿಸಿ. ಇದಕ್ಕೂ ನಿಮ್ಮ ಮೇಸ್ತ್ರಿ ವೇದಿಕೆ ಮೇಲೆ ಏನು ಓದುತ್ತಾನೆ ಅನ್ನುವುದಕ್ಕೂ ಸಂಬಂಧ ಇಲ್ಲ. ಮಹಾರಾಷ್ಟ್ರದಲ್ಲಿ ನಾಟಕದ ಹಸ್ತಪ್ರತಿಯನ್ನು ಮೊದಲೇ ನೋಡುವ ಸರ್ಕಾರಿ ಮಂಡಳಿ ಇದೆ, ನಮ್ಮಲ್ಲಿ ಅಂಥದ್ದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ನಿಜವಾದ ಎಸ್ಟೇಟಿನ ಹೆಸರು, ಬದುಕಿರುವ ಸಾಹುಕಾರರ ಹೆಸರು ಹಾಕಬೇಡಿ, ಮಾನನಷ್ಟದ ಕೇಸಿಗೆ ದಾರಿ ಆಗುತ್ತದೆ. ಹೆಸರು ಬದಲಾಯಿಸಿ, ಲೆಕ್ಕ ಹಾಗೇ ಇರಲಿ.

ಇನ್ನು ತೋಟದ ಕೆಲಸದವರ ಬಗ್ಗೆ ನಾಟಕ ಅಂದ ಕೂಡಲೇ ಯಾಕೆ ಇಷ್ಟು ಕಸಿವಿಸಿ ಅಂತ ನಿಮಗೆ ಅನಿಸಿರಬಹುದು. ಇದು ತುಂಬಾ ಹಳೆಯ ಕಸಿವಿಸಿ. ಬಂಗಾಳದಲ್ಲಿ 1860ರಲ್ಲಿ ದೀನಬಂಧು ಮಿತ್ರ 'ನೀಲ ದರ್ಪಣ' ಅಂತ ಒಂದು ನಾಟಕ ಬರೆದರು. ಬಣ್ಣಕ್ಕೆ ಬಳಸುವ ನೀಲಿ ಬೆಳೆ ಬೆಳೆಸುವ ಬಿಳಿ ಪ್ಲಾಂಟರುಗಳು ರೈತರಿಗೆ ಕೊಟ್ಟ ಹಿಂಸೆ ಅದರ ವಿಷಯ. ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದ ಪಾದ್ರಿ ಜೇಮ್ಸ್ ಲಾಂಗ್ ಅವರಿಗೆ 1861ರಲ್ಲಿ ಒಂದು ತಿಂಗಳು ಜೈಲು, 1000 ರೂಪಾಯಿ ದಂಡ. ನೋಡಿ, ದಂಡ ಬಿದ್ದದ್ದು ಹಿಂಸೆ ಕೊಟ್ಟವರಿಗಲ್ಲ, ಅದನ್ನು ಇಂಗ್ಲಿಷಿನಲ್ಲಿ ಓದುವ ಹಾಗೆ ಮಾಡಿದವರಿಗೆ. ಆಮೇಲೆ 1875ರಲ್ಲಿ ಅಸ್ಸಾಮಿನ ಚಹಾ ತೋಟಗಳ ಕೂಲಿಗಳ ಬಗ್ಗೆ 'ಚಾ-ಕರ ದರ್ಪಣ' ಬಂತು. ಅದೇ ಹೊತ್ತಿಗೆ ಕಲ್ಕತ್ತೆಯಲ್ಲಿ ವೇಲ್ಸ್ ರಾಜಕುಮಾರನ ಭೇಟಿಯನ್ನು ಗೇಲಿ ಮಾಡುವ ಒಂದು ಪ್ರಹಸನವೂ ರಂಗಕ್ಕೆ ಬಂತು. ಸರ್ಕಾರ ತಡೆದರೆ ಹೆಸರು ಬದಲಿಸಿ ಮತ್ತೆ ಆಡಿದರು. 1876ರಲ್ಲಿ ಬ್ರಿಟಿಷ್ ಸರ್ಕಾರ ನಾಟಕ ಪ್ರದರ್ಶನ ಕಾಯ್ದೆ ತಂದಿತು. ಆ ಮಸೂದೆಯ ಚರ್ಚೆಯಲ್ಲಿ ಚಹಾ ಪ್ಲಾಂಟರುಗಳಿಗೆ ಆದ ಅವಮಾನದ ಮಾತೂ ಬಂದಿತ್ತು. ಅಂದರೆ ನಮ್ಮ ದೇಶದಲ್ಲಿ ನಾಟಕಕ್ಕೆ ಕಡಿವಾಣ ಹಾಕಿದ ಮೊದಲ ದೊಡ್ಡ ಕಾನೂನಿನ ಹಿಂದೆ ತೋಟದ ಮಾಲೀಕರ ಮಾನದ ಪ್ರಶ್ನೆಯೂ ಇತ್ತು. ಸ್ವಾತಂತ್ರ್ಯ ಬಂದ ಮೇಲೂ ಆ ಕಾಯ್ದೆ ಕಾನೂನು ಪುಸ್ತಕದಲ್ಲಿ ಉಳಿದೇ ಇತ್ತು, ಸಂಸತ್ತು ಅದನ್ನು ಕಿತ್ತುಹಾಕಿದ್ದು 2018ರ ಹೊತ್ತಿಗೆ.

ಆದರೆ ನೀವು ಮುಖ್ಯವಾಗಿ ತಿಳಿಯಬೇಕಾದದ್ದು ಕೆನ್ಯಾದ ಕಥೆ. ಅಲ್ಲಿ ಲಿಮುರು ಅಂತ ಒಂದು ಪ್ರದೇಶ, ಎತ್ತರದ ಜಾಗ, ತಂಪು, ಸುತ್ತ ಚಹಾ ತೋಟ, ಜೊತೆಗೆ ಒಂದು ಚಪ್ಪಲಿ ಕಾರ್ಖಾನೆ. ಅಲ್ಲಿನ ಕಮಿರಿಥು ಅನ್ನುವ ಹಳ್ಳಿಯಲ್ಲಿ ಲೇಖಕರಾದ ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರಿಯಿ ಸೇರಿ 1977ರಲ್ಲಿ ಗಿಕುಯು ಭಾಷೆಯಲ್ಲಿ ಒಂದು ನಾಟಕ ಕಟ್ಟಿದರು. ಒಂದೂವರೆ ಎಕರೆ ಜಮೀನು ಬಿಟ್ಟರೆ ಬೇರೇನೂ ಇಲ್ಲದ ಒಬ್ಬ ಬಡ ರೈತ, ಅದರ ಮೇಲೆ ಕಣ್ಣಿಟ್ಟ ಸಾಹುಕಾರ, ಇಷ್ಟೇ ಕಥೆ. ಆಡಿದವರು ಅದೇ ಊರಿನ ರೈತರು, ತೋಟದ ಆಳುಗಳು, ಕಾರ್ಖಾನೆ ಕೆಲಸದವರು. ಬಯಲು ರಂಗಮಂದಿರವನ್ನೂ ಅವರೇ ಕಟ್ಟಿದರು, 2000ಕ್ಕಿಂತ ಜಾಸ್ತಿ ಜನ ಕೂರುವಷ್ಟು ದೊಡ್ಡದು. ತಾಲೀಮು ಬಾಗಿಲು ಮುಚ್ಚಿ ಮಾಡಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, 'ಮುದುಕರು ಹಾಗೆ ಮಾತಾಡಲ್ಲ, ಹೀಗೆ ಮಾತಾಡ್ತಾರೆ' ಅಂತ ಸಂಭಾಷಣೆ ತಿದ್ದುತ್ತಿದ್ದರು. ಕಾರ್ಖಾನೆಯವರು ಬಂದು ತಮ್ಮ ಕೂಲಿ ಎಷ್ಟು, ತಾವು ಮಾಡಿಕೊಡುವ ಮಾಲಿನ ಬೆಲೆ ಎಷ್ಟು ಅಂತ ಲೆಕ್ಕ ಕೊಡುತ್ತಿದ್ದರು. ನಿಮ್ಮ ಮೇಸ್ತ್ರಿಯ ಲೆಕ್ಕದ ದೃಶ್ಯ ಓದಿದಾಗ ನನಗೆ ನೆನಪಾದದ್ದು ಇದೇ.

ಅಕ್ಟೋಬರ್ 2ರಂದು ನಾಟಕ ಶುರುವಾಯಿತು. ದೂರದೂರದ ಊರುಗಳಿಂದ ಜನ ಬಾಡಿಗೆ ಬಸ್ಸು ಮಾಡಿಕೊಂಡು ಬಂದರು. ನವೆಂಬರ್ 16ಕ್ಕೆ ಸರ್ಕಾರ ಪರವಾನಗಿ ಕಿತ್ತುಕೊಂಡಿತು. ವರ್ಷದ ಕೊನೆಯ ದಿನ ಗೂಗಿ ವಾ ಥಿಯಾಂಗೊ ಬಂಧನ ಆಯಿತು, ವಿಚಾರಣೆ ಇಲ್ಲದೆ ಸುಮಾರು ಒಂದು ವರ್ಷ ಜೈಲಲ್ಲಿಟ್ಟರು. ಅವರು ಅಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಗಿಕುಯು ಭಾಷೆಯಲ್ಲೇ ಒಂದು ಕಾದಂಬರಿ ಬರೆದರು. 1982ರಲ್ಲಿ ಪೊಲೀಸರು ಬಂದು ಆ ರಂಗಮಂದಿರವನ್ನೇ ನೆಲಸಮ ಮಾಡಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಅದೇ 1977ರಲ್ಲಿ ಅವರ ಒಂದು ಇಂಗ್ಲಿಷ್ ಕಾದಂಬರಿಯೂ ಬಂದಿತ್ತು, ಸರ್ಕಾರದ ಬಗ್ಗೆ ಅದರಲ್ಲೂ ಕಟುವಾದ ಟೀಕೆ ಇತ್ತು. ಅದಕ್ಕೆ ಯಾರೂ ಅವರನ್ನು ಹಿಡಿಯಲಿಲ್ಲ. ತೋಟದ ಆಳು ತನ್ನ ಮಾತಲ್ಲೇ, ತನ್ನಂಥವರ ಎದುರು ಎದ್ದು ನಿಂತು ಆಡಿದಾಗ ಮಾತ್ರ ಅದು ಅಪಾಯ ಅಂತ ಕಂಡಿತು. ಜಗತ್ತಿನ ಸೆನ್ಸಾರ್ ಚರಿತ್ರೆಯಲ್ಲಿ ನನಗೆ ಮತ್ತೆ ಮತ್ತೆ ಕಾಣುವುದು ಇದು. ಏನು ಹೇಳಿದರು ಅನ್ನುವುದಕ್ಕಿಂತ ಯಾರು ಹೇಳಿದರು, ಯಾರ ಮುಂದೆ ಹೇಳಿದರು ಅನ್ನುವುದರ ಮೇಲೆ ಕತ್ತರಿ ಬೀಳುತ್ತದೆ. ನಿಮ್ಮ ಕಥೆ ಒಂದು ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಹಾಲ್ ಕಮಿಟಿಯವರು ತಲೆಯನ್ನೂ ಕೆಡಿಸಿಕೊಳ್ಳುತ್ತಿರಲಿಲ್ಲ, ಅಲ್ವಾ?

ಹಾಲ್ ಸಿಗದಿದ್ದರೆ ಕೊಯ್ಲು ಮುಗಿದು ಖಾಲಿ ಆದ ಕಾಫಿ ಕಣದಲ್ಲಿ ಆಡಿ. ಒಪ್ಪುವ ಸಣ್ಣ ಬೆಳೆಗಾರರು ನಿಮ್ಮೂರಲ್ಲಿ ಖಂಡಿತ ಇದ್ದಾರೆ, ಎಲ್ಲಾ ಬೆಳೆಗಾರರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇನ್ನೊಂದು ಮಾತು. 'ಶಾಂತಿ ಸಭೆ' ಅಂತ ಕರೆದು ಯಾರಾದರೂ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರೆ ಹಾಕಬೇಡಿ. ತಮಿಳಿನ ಕಾದಂಬರಿಕಾರ ಪೆರುಮಾಳ್ ಮುರುಗನ್ 2015ರ ಜನವರಿಯಲ್ಲಿ ಅಂಥ ಒಂದು ಸಭೆಯಲ್ಲಿ ತನ್ನ ಒಂದು ಕಾದಂಬರಿಗಾಗಿ ಕ್ಷಮೆ ಬರೆದುಕೊಟ್ಟು ಬಂದು, ತನ್ನೊಳಗಿನ ಲೇಖಕ ಸತ್ತ ಅಂತ ಪ್ರಕಟಿಸಿದರು. ಮರುವರ್ಷ ಮದ್ರಾಸ್ ಹೈಕೋರ್ಟ್ ಆ ಒಪ್ಪಂದಕ್ಕೆ ಬೆಲೆ ಇಲ್ಲ ಅಂದಿತು, ಲೇಖಕ ಮತ್ತೆ ಎದ್ದು ಬಂದು ಬರೆಯಲಿ ಅಂದಿತು. ಅವರು ಬರೆದರು. ಆದರೆ ನಡುವಿನ ಆ ಒಂದೂವರೆ ವರ್ಷವನ್ನು ಅವರಿಗೆ ಯಾರೂ ವಾಪಸ್ ಕೊಡಲಿಲ್ಲ.

ಪ್ರಶ್ನೆ: ನಾನು ವಿರಾಜಪೇಟೆಯ ನಿವೃತ್ತ ಶಿಕ್ಷಕ. ನೀವು ಪತ್ರಿಕೆಯವರು ಯಾವಾಗಲೂ ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತೀರಿ. ಮೊಬೈಲಿನಲ್ಲಿ ಬರುವ ಸರಣಿಗಳನ್ನು ಮೊಮ್ಮಕ್ಕಳ ಜೊತೆ ಕೂತು ನೋಡುವ ಹಾಗೇ ಇಲ್ಲ. ಸೆನ್ಸಾರ್ ಬಿಗಿ ಆಗಬೇಕು ಅಂತ ನನ್ನ ಅಭಿಪ್ರಾಯ. ತಪ್ಪೇ?

ಮೇಷ್ಟ್ರೇ, ಮಕ್ಕಳ ಬಗ್ಗೆ ನಿಮಗಿರುವ ಕಾಳಜಿ ನನಗೂ ಇದೆ. ಮಕ್ಕಳಿಗೆ ಯಾವುದು ಬೇಡ ಅಂತ ಹೇಳುವುದು ಒಂದು ಕೆಲಸ, ದೊಡ್ಡವರು ಏನು ನೋಡಬಾರದು ಅಂತ ತೀರ್ಮಾನಿಸುವುದು ಬೇರೆ ಕೆಲಸ. ಮೊದಲನೆಯದಕ್ಕೆ ದಾರಿ ಇದೆ. 2023ರ ತಿದ್ದುಪಡಿಯಿಂದ ಸಿನಿಮಾದ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ) ಪ್ರಮಾಣಪತ್ರದಲ್ಲಿ 7, 13, 16 ವರ್ಷ ಅಂತ ಮೂರು ಮೆಟ್ಟಿಲು ಬಂದಿವೆ. ಮೊಬೈಲ್ ಸರಣಿಗಳಿಗೂ 2021ರ ನಿಯಮದಲ್ಲಿ ವಯಸ್ಸಿನ ಗುರುತು ಹಾಕಬೇಕು, 13ರ ಮೇಲಿನದ್ದಕ್ಕೆ ಬೀಗ ಹಾಕುವ ಸೌಕರ್ಯ ಕೊಡಬೇಕು. ಆ ಬೀಗ ಸೆಟ್ಟಿಂಗ್ಸ್ ಒಳಗೇ ಇರುತ್ತದೆ, ನಾಲ್ಕು ಅಂಕಿ ಒತ್ತಿದರೆ ಆಯಿತು. ಮಗನ ಹತ್ತಿರ ಇವತ್ತೇ ಹಾಕಿಸಿಕೊಳ್ಳಿ.

ಎರಡನೆಯ ಕೆಲಸವನ್ನು ಯಾರ ಕೈಗೂ ಕೊಡಲು ನನಗೆ ಧೈರ್ಯ ಇಲ್ಲ. ಯಾಕಂದ್ರೆ ನೀತಿ ಅಂತ ಶುರುವಾದದ್ದು ನೀತಿಯಲ್ಲೇ ನಿಲ್ಲುವುದಿಲ್ಲ. ಅಮೆರಿಕದ ಹಾಲಿವುಡ್‌ನಲ್ಲಿ 1934ರಿಂದ 1968ರವರೆಗೆ ಹೇಸ್ ಸಂಹಿತೆ ಅಂತ ಒಂದಿತ್ತು. ಚುಂಬನ, ಬೈಗುಳ, ಬಟ್ಟೆ ಎಲ್ಲದಕ್ಕೂ ಅದರಲ್ಲಿ ಅಳತೆ ಇತ್ತು. ಅದೇ ಪಟ್ಟಿಯಲ್ಲಿ ಕರಿಯರು ಮತ್ತು ಬಿಳಿಯರ ನಡುವೆ ಪ್ರೀತಿ ತೋರಿಸುವ ಹಾಗಿಲ್ಲ ಅಂತಲೂ ಇತ್ತು! ಸಭ್ಯತೆಯ ಹೆಸರಲ್ಲಿ ಬಂದ ಕಾಗದದಲ್ಲಿ ಜನಾಂಗದ ದ್ವೇಷವೂ ಸೇರಿಕೊಂಡಿತ್ತು, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನಡೆಯಿತು.

ನಮ್ಮದೇ ಕನ್ನಡದ 'ಸಂಸ್ಕಾರ' ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ಕೊಡಲಿಲ್ಲ. ಜಾತಿಯ ವಿಷಯ, ಗಲಾಟೆ ಆಗಬಹುದು ಅಂತ. ಆಮೇಲೆ ಮೇಲಿನವರು ಬಿಡುಗಡೆಗೆ ಒಪ್ಪಿದರು. ಅದೇ ಚಿತ್ರಕ್ಕೆ 1970ರ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲ ಸ್ವರ್ಣ ಕಮಲ. ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬೆಂಗಳೂರು ಜೈಲಿಗೆ ಹಾಕಿದರು. ಅವರಿಗೆ ಉಬ್ಬಸ ಇತ್ತು. ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಿಮಗೆ ಬೇಡದ್ದನ್ನು ನೋಡಬೇಡಿ, ಕೆಟ್ಟದಾಗಿದೆ ಅಂತ ಬರೆಯಿರಿ, ನಾಲ್ಕು ಜನಕ್ಕೆ ಹೇಳಿ, ಅದು ನಿಮ್ಮ ಹಕ್ಕು. ಇನ್ನೊಬ್ಬರು ನೋಡದಂತೆ ಥಿಯೇಟರ್ ಮುಂದೆ ಹೋಗಿ ನಿಲ್ಲುವುದು ಹಕ್ಕಲ್ಲ. ಮೀಸಲಾತಿ ಬಗ್ಗೆ ಬಂದ ಒಂದು ತಮಿಳು ಚಿತ್ರದ ಕೇಸಿನಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಗಲಾಟೆಯ ಬೆದರಿಕೆ ಇದೆ ಅಂತ ಮಾತನ್ನು ತಡೆಯುವಂತಿಲ್ಲ, ಗಲಾಟೆಯನ್ನು ತಡೆಯುವುದು ಸರ್ಕಾರದ ಕೆಲಸ.

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಬೈಲಕುಪ್ಪೆಯ ಟಿಬೆಟನ್ ಗೆಳೆಯ ಒಬ್ಬ, ಅವರ ಊರಲ್ಲಿ ಹಾಡು ಹೇಳಿದ್ದಕ್ಕೂ ಜೈಲು ಅಂತ ಹೇಳುತ್ತಾನೆ. ಬರೀ ಹಾಡಿಗೆ ಅಷ್ಟೊಂದು ಶಿಕ್ಷೆ ಇರುತ್ತದಾ?

ಇರುತ್ತದೆ. ನಿಮ್ಮ ಗೆಳೆಯ ಸುಮ್ನೆ ಹೇಳುತ್ತಿಲ್ಲ.

ಲಾಸಾದ ಡ್ರಾಪ್ಚಿ ಜೈಲಿನಲ್ಲಿ 1993ರಲ್ಲಿ 14 ಮಂದಿ ಸನ್ಯಾಸಿನಿಯರು ಕದ್ದು ತರಿಸಿಕೊಂಡ ಒಂದು ಟೇಪ್ ರೆಕಾರ್ಡರಿನಲ್ಲಿ ತಮ್ಮ ಹಾಡುಗಳನ್ನು ತುಂಬಿಸಿ ಹೊರಗೆ ಕಳಿಸಿದರು. ಊರಿನ ನೆನಪು, ಮನೆಯವರಿಗೆ ನಾವು ಚೆನ್ನಾಗಿದ್ದೇವೆ ಅನ್ನುವ ಮಾತು, ದಲಾಯಿ ಲಾಮಾ ಅವರ ಸ್ತುತಿ, ಇಂಥವೇ ಹಾಡುಗಳು. ಕ್ಯಾಸೆಟ್ ಹೊರಗೆ ಬಂತು, ಜಗತ್ತು ಕೇಳಿತು. ಅವರ ಶಿಕ್ಷೆಗೆ ಮತ್ತೆ 5ರಿಂದ 9 ವರ್ಷ ಸೇರಿಸಿದರು. ಹಾಡು ಹೊರಗೆ ಬಂತು, ಹಾಡಿದವರು ಒಳಗೇ ಉಳಿದರು. ಇನ್ನೊಬ್ಬರು ಧೊಂಡುಪ್ ವಾಂಗ್ಚೆನ್. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಹಳ್ಳಿಹಳ್ಳಿ ಸುತ್ತಿ ಸಾಮಾನ್ಯ ಟಿಬೆಟನ್ನರನ್ನು ಮಾತಾಡಿಸಿ ಚಿತ್ರೀಕರಿಸಿದರು, ಟೇಪುಗಳು ದೇಶ ದಾಟಿದವು, ಅವರಿಗೆ 6 ವರ್ಷ ಜೈಲು.

ಹಾಡನ್ನು ಕಂಡರೆ ಇಷ್ಟು ಭಯ ಯಾಕೆ ಅಂದರೆ, ಅದಕ್ಕೆ ಕಾಗದ ಬೇಡ, ಓದು ಬೇಡ. ಸೋವಿಯತ್ ಲೆನಿನ್‌ಗ್ರಾದ್‌ನಲ್ಲಿ ಎರಡನೇ ಮಹಾಯುದ್ಧದ ನಂತರ ನಿಷೇಧ ಆದ ಸಂಗೀತವನ್ನು ಹುಡುಗರು ಆಸ್ಪತ್ರೆಯ ಹಳೇ ಎಕ್ಸ್‌ರೇ ಹಾಳೆಗಳ ಮೇಲೆ ಕೊರೆದು ಮಾರುತ್ತಿದ್ದರು. ಹಾಳೆಯನ್ನು ಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನ ಬೆಂಕಿಯಿಂದ ತೂತು ಮಾಡಿ, ಗ್ರಾಮೊಫೋನಿಗೆ ಹಾಕುವುದು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು ಕಾಣುತ್ತಿತ್ತು. ಅಫ್ಘಾನಿಸ್ತಾನದಲ್ಲಿ 2021ರಲ್ಲಿ ತಾಲಿಬಾನ್ ಮತ್ತೆ ಬಂದ ಮೇಲೆ ಅಲ್ಲಿನ ರಾಷ್ಟ್ರೀಯ ಸಂಗೀತ ಸಂಸ್ಥೆಯ ಮಕ್ಕಳು, ಗುರುಗಳು ಪೋರ್ಚುಗಲ್‌ಗೆ ಹೋಗಿ ಅಲ್ಲಿ ಪಾಠ ಮುಂದುವರಿಸಿದ್ದಾರೆ. ನಿಮ್ಮ ಗೆಳೆಯನಿಗೆ ಹಾಡು ಬಂದರೆ ನಿಮ್ಮ ಅಂಗಡಿಯಲ್ಲೇ ಕೂರಿಸಿ ಹೇಳಿಸಿ, ಕೇಳಿ.

ಪ್ರಶ್ನೆ: ತಿತಿಮತಿಯಿಂದ ಬರೆಯುತ್ತಿದ್ದೇನೆ. ದೇವರಪುರದ ಕುಂಡೆ ಹಬ್ಬದ ದಿನ ರಸ್ತೆಯಲ್ಲಿ ಕಿವಿ ಮುಚ್ಚಿಕೊಳ್ಳಬೇಕು, ಅಂಥ ಬೈಗುಳ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಲು ಆಗಲ್ಲ. ಇದನ್ನು ನಿಲ್ಲಿಸಬೇಕು ಅಂತ ನಮ್ಮ ಮನೆಯಲ್ಲೇ ಎರಡು ಪಕ್ಷ ಆಗಿದೆ. ನೀವು ಯಾವ ಪಕ್ಷ?

ನಿಲ್ಲಿಸಬಾರದು ಅನ್ನುವ ಪಕ್ಷ.

ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಹೇಳುತ್ತೇನೆ. ಮೇ ತಿಂಗಳಲ್ಲಿ ದಕ್ಷಿಣ ಕೊಡಗಿನ ದೇವರಪುರದಲ್ಲಿ ಈ ಹಬ್ಬ. ಜೇನು ಕುರುಬರು, ಯರವರು ಹೀಗೆ ಹಾಡಿಗಳ (ಬುಡಕಟ್ಟು ಜನರ ಪುಟ್ಟ ಊರುಗಳ) ಜನ ಸೇರುತ್ತಾರೆ. ಗಂಡಸರು ಸೀರೆ, ಲಂಗ ಉಟ್ಟು, ಮುಖಕ್ಕೆ ಬಣ್ಣ ಬಳಿದು, ಸೋರೆ ಬುರುಡೆ, ಡಬ್ಬ, ಪ್ಲಾಸ್ಟಿಕ್ ಡ್ರಮ್ ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಗಾಡಿಗಳನ್ನು ನಿಲ್ಲಿಸಿ, ಬೈದು, ಕಾಸು ಕೇಳುತ್ತಾರೆ. ಯಾರನ್ನೂ ಬಿಡುವುದಿಲ್ಲ, ದೇವರನ್ನೂ. ಬೇಟೆಗೆ ಅಂತ ಇವರನ್ನು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ ನಡುದಾರಿಯಲ್ಲಿ ಭದ್ರಕಾಳಿಯನ್ನು ನೋಡಿ ಅವಳ ಹಿಂದೆ ಹೋದ, ಇವರನ್ನು ಕಾಡಲ್ಲೇ ಕೈಬಿಟ್ಟ ಅಂತ ಕಥೆ. ಆ ಸಿಟ್ಟಿಗೆ ಬೈಗುಳ. ಕೊನೆಗೆ ದೇವಸ್ಥಾನಕ್ಕೆ ಹೋಗಿ ತಪ್ಪಾಯ್ತು ಅಂತ ಹರಕೆ ಒಪ್ಪಿಸುತ್ತಾರೆ.

ವರ್ಷವಿಡೀ ತೋಟದಲ್ಲಿ ತಲೆ ತಗ್ಗಿಸಿ 'ಸರಿ ಸಾಹುಕಾರ್ರೇ' ಅನ್ನುವ ಬಾಯಿ ಅದು. ಒಂದು ದಿನ ತಲೆ ಎತ್ತಿ ಬೈಯುತ್ತದೆ. ಅದನ್ನು ಕಿವಿ ಕೊಟ್ಟು ಕೇಳಬೇಕು, ಕೇಳಿ ಸ್ವಲ್ಪ ಯೋಚನೆಯನ್ನೂ ಮಾಡಬೇಕು ಅಂತ ನನಗನಿಸುತ್ತದೆ. ಟ್ರಿನಿಡಾಡ್‌ನಲ್ಲಿ ಕಬ್ಬಿನ ತೋಟಗಳ ಗುಲಾಮಗಿರಿಯಿಂದ ಬಿಡುಗಡೆ ಆದ ಕರಿಯರು ಕಾರ್ನಿವಲ್ ಹೊತ್ತಿಗೆ ಡೋಲು ಬಡಿದು, ಹಾಡಿ, ದೊಡ್ಡವರನ್ನು ಗೇಲಿ ಮಾಡುತ್ತಿದ್ದರು. 1881ರಲ್ಲಿ ಪೊಲೀಸರಿಗೂ ಅವರಿಗೂ ದೊಡ್ಡ ಹೊಡೆದಾಟ ಆಯಿತು, 1884ರಲ್ಲಿ ಬ್ರಿಟಿಷರು ಡೋಲನ್ನೇ ನಿಷೇಧಿಸಿದರು. ಜನ ಬಿದಿರಿನ ತುಂಡು ನೆಲಕ್ಕೆ ಕುಟ್ಟಿ ತಾಳ ಮಾಡಿಕೊಂಡರು. ಆಮೇಲೆ ಬಿಸ್ಕತ್ತಿನ ಡಬ್ಬ, ಎಣ್ಣೆಯ ಪೀಪಾಯಿ ಬಡಿದರು. ಆ ಪೀಪಾಯಿಯಿಂದ ಹುಟ್ಟಿದ ಸ್ಟೀಲ್‌ಪ್ಯಾನ್ ಇವತ್ತು ಆ ದೇಶದ ಹೆಮ್ಮೆಯ ವಾದ್ಯ. ದೇವರಪುರದಲ್ಲಿ ಪ್ಲಾಸ್ಟಿಕ್ ಡ್ರಮ್ಮಿನ ಸದ್ದು ಕೇಳಿದಾಗ ಮುಖ ಸಿಂಡರಿಸುವವರಿಗೆ ಈ ಕಥೆ ಗೊತ್ತಿರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ನಾನು ರಾಜಿ ಆಗಲ್ಲ. ಹಬ್ಬದ ನೆಪದಲ್ಲಿ ಯಾರ ಮೈ ಮುಟ್ಟಿದರೂ ಅದು ಅಪರಾಧ. ಅದನ್ನು ಮಾಡುವವರು ಹಾಡಿಯವರೇ ಅಂತಲೂ ಇಲ್ಲ, ಹೊರಗಿನಿಂದ ಮಜಾ ನೋಡಲು ಬಂದವರೂ ಇರಬಹುದು. ಮೊಬೈಲ್ ಹಿಡಿದು ಅವರ ಮುಖಕ್ಕೆ ನುಗ್ಗಿ ವಿಡಿಯೊ ಮಾಡುವುದನ್ನೂ ನಿಲ್ಲಿಸಿ. ಬೈಗುಳ ಅವರ ಹರಕೆ. ಅದು ನಿಮ್ಮ ಸ್ಟೇಟಸ್‌ಗೆ ಹಾಕುವ ಸಾಮಾನಲ್ಲ.

ಪ್ರಶ್ನೆ: ಮಗಳು ಮಡಿಕೇರಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಇನ್‌ಸ್ಟಾಗ್ರಾಂನಲ್ಲಿ ಪ್ರೇಮದ ಕವನ ಹಾಕುತ್ತಾಳೆ. ಅವಳ ದೊಡ್ಡಪ್ಪ 'ಮನೆತನದ ಮರ್ಯಾದೆ ಹೋಯ್ತು, ಡಿಲೀಟ್ ಮಾಡಿಸು' ಅಂತ ದಿನಾ ಫೋನ್ ಮಾಡುತ್ತಾರೆ.

ಮಾಡಿಸಬೇಡಿ, ತಾಯೀ. ಇದೇ ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮ ವಿಧವೆಯರ ಬಗ್ಗೆ, ಹೆಣ್ಣಿನ ಮನಸ್ಸಿನ ಬಗ್ಗೆ ಕಥೆ ಬರೆದರು. 'ಶ್ರೀಮತಿ ಬಿ.ಟಿ.ಜಿ. ಕೃಷ್ಣ' ಅಂತ ಗಂಡನ ಹೆಸರಲ್ಲಿ ಬರೆಯಬೇಕಾದ ಕಾಲ ಅದು. 27ಕ್ಕೇ ತೀರಿಕೊಂಡರು. ಬರೆದದ್ದು ಸ್ವಲ್ಪವೇ, ಆದರೂ ಕನ್ನಡ ಅವರನ್ನು ಮರೆತಿಲ್ಲ. ನಿಮ್ಮ ಮಗಳು ತನ್ನ ಹೆಸರಲ್ಲೇ ಬರೆಯುತ್ತಿದ್ದಾಳೆ. ದೊಡ್ಡಪ್ಪನಿಗೆ ಫೋನಿನಲ್ಲಿ ಆ ಕವನ ಓದಿ ಹೇಳಿ, ಎಲ್ಲಿ ತಪ್ಪಿದೆ ಅಂತ ಸಾಲು ತೋರಿಸಿ ಅನ್ನಿ.

ಪ್ರಶ್ನೆ: ಸೋಮವಾರಪೇಟೆಯವನು. ಮನೆಯ ಕಪಾಟಿನಲ್ಲಿ ತಂದೆಯವರು ತಂದಿಟ್ಟ ಒಂದು ನಿಷೇಧಿತ ಪುಸ್ತಕ ಇದೆ. ಇಟ್ಟುಕೊಂಡರೆ ಕೇಸಾಗುತ್ತದಾ?

ಪುಸ್ತಕ ನಿಷೇಧ ಅಂತ ನಾವು ಹೇಳುವುದು ಸಾಮಾನ್ಯವಾಗಿ ಮುಟ್ಟುಗೋಲು ಆದೇಶಕ್ಕೆ, ಅಂದರೆ ಆ ಪುಸ್ತಕದ ಪ್ರತಿಗಳು ಸರ್ಕಾರದ ಪಾಲು ಅಂತ. ಪೊಲೀಸರು ಎಲ್ಲಿ ಕಂಡರೂ ವಶಕ್ಕೆ ತೆಗೆದುಕೊಳ್ಳಬಹುದು, ಮನೆ ಹುಡುಕಲು ಮ್ಯಾಜಿಸ್ಟ್ರೇಟರ ವಾರಂಟ್ ಬೇಕು. ಕನ್ನಡದಲ್ಲಿ ಬಸವಣ್ಣನವರ ಕಾಲದ ಬಗ್ಗೆ ಬಂದ 'ಧರ್ಮಕಾರಣ' ಕಾದಂಬರಿಗೆ ಹೀಗೇ ಆಯಿತು, 2007ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಕೋರ್ಟಿಗೆ ಹೋದವರೆಲ್ಲ ಪೆರುಮಾಳ್ ಮುರುಗನ್ ಅವರ ಹಾಗೆ ಗೆದ್ದು ಬರುವುದಿಲ್ಲ. ಇಂಥ ಆದೇಶ ಬಂದರೆ 2 ತಿಂಗಳೊಳಗೆ ಹೈಕೋರ್ಟಿಗೆ ಅರ್ಜಿ ಹಾಕಬಹುದು.

ಆದರೆ ನಿಷೇಧ ಅಂತ ಎಲ್ಲರೂ ನಂಬಿದ್ದೆಲ್ಲ ನಿಷೇಧ ಆಗಿಯೇ ಇರುತ್ತದೆ ಅಂತಲ್ಲ. ಸಲ್ಮಾನ್ ರಶ್ದಿ ಅವರ 'ದಿ ಸಟಾನಿಕ್ ವರ್ಸಸ್' ಪುಸ್ತಕವನ್ನು ದೇಶದೊಳಗೆ ತರುವ ಹಾಗಿಲ್ಲ ಅಂತ 1988ರಲ್ಲಿ ಆದೇಶ ಆಗಿತ್ತು. ಓದಲು ಬಯಸಿದ ಒಬ್ಬರು ದೆಹಲಿ ಹೈಕೋರ್ಟಿಗೆ ಹೋದರು, ಆದೇಶದ ಪ್ರತಿ ತೋರಿಸಿ ಅಂತ ಕೇಳಿದರೆ ಯಾವ ಇಲಾಖೆಯ ಹತ್ತಿರವೂ ಸಿಗಲಿಲ್ಲ. ಕಾಗದ ಇಲ್ಲ ಅಂದಮೇಲೆ ಆದೇಶವೇ ಇಲ್ಲ ಅಂತ ತಿಳಿಯಬೇಕಾಗುತ್ತದೆ ಅಂತ 2024ರ ನವೆಂಬರಿನಲ್ಲಿ ಕೋರ್ಟ್ ಹೇಳಿತು. ಮುಂದಿನ ತಿಂಗಳೇ ದೆಹಲಿಯ ಅಂಗಡಿಯಲ್ಲಿ ಪುಸ್ತಕ ಮಾರಾಟಕ್ಕೆ ಬಂತು. ನಿಮ್ಮ ತಂದೆಯವರ ಪುಸ್ತಕ ಯಾವುದು, ಅದರ ಮೇಲಿನ ಆದೇಶ ಯಾವ ವರ್ಷದ್ದು ಅಂತ ಬರೆದು ಕಳಿಸಿ. ಅದು ಈಗಲೂ ಜಾರಿಯಲ್ಲಿದೆಯಾ ಅಂತ ಮೊದಲು ನೋಡೋಣ.